ಕೈ ಬಿಟ್ಟವರು ಯಾರು?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 'ನಾನು ಮರೆಯಲಾಗದ ದಿನ' ಎಂಬ ಪ್ರಬಂಧದಲ್ಲಿ ಬರೆದ ಸಾಲುಗಳಿವು. ಕನ್ನಡ ಮೇಷ್ಟ್ರಾಗಿದ್ದ ದಿನಗಳಲ್ಲಿ ಇಂಥವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಅಭ್ಯಾಸ ನನಗಿತ್ತು. ಕಾಗುಣಿತ ಬಿಟ್ಟು ಬೇರೇನನ್ನೂ ತಿದ್ದಿಲ್ಲ.

"ಜಾತ್ರೆ ದಿನ ಬೆಳಿಗ್ಗೆ ಬೇಗ ಎದ್ದು ಅಜ್ಜಿ ನೀರು ಕಾಯಿಸಿ ನಾವೆಲ್ಲ ಸ್ನಾನ ಮಾಡಿ ಅಮ್ಮ ಒಬ್ಬಟ್ಟು ಮಾಡುತ್ತಿದ್ದಳು, ನಾನು ತಂಗಿಗೆ ಜಡೆ ಹಾಕಿ ತೇರು ನೋಡಲು ಹೋಗಿ ತುಂಬಾ ಜನ ಬಂದು ತಂಗಿ ಕೈ ಬಿಟ್ಟು ನಾನು ಅಳುತ್ತಾ ಹುಡುಕಿ ಬಳೆ ಅಂಗಡಿ ಹತ್ತಿರ ನಿಂತಿದ್ದಳು, ಆಮೇಲೆ ಅಪ್ಪ ಬೈದು ಮನೆಗೆ ಬಂದು ಒಬ್ಬಟ್ಟು ತಿಂದೆವು."

ಇಷ್ಟಕ್ಕೂ ಒಂದೇ ಪೂರ್ಣವಿರಾಮ. ಓದಿದವರಿಗೆ ಕತೆ ತಿಳಿಯುತ್ತದೆ. ತೇರು ಕಾಣುತ್ತದೆ, ಬಳೆ ಅಂಗಡಿ ಕಾಣುತ್ತದೆ. ಆದರೆ ಕೆಂಪು ಪೆನ್ನು ಹಿಡಿದು ಕೂತವನಿಗೆ ಇದನ್ನು ಎಲ್ಲಿಂದ ತಿದ್ದಲು ಶುರುಮಾಡಬೇಕು ಎಂಬುದೇ ಹೊಳೆಯುವುದಿಲ್ಲ. ಎಲ್ಲ ಮೇಷ್ಟ್ರೂ ಮಾಡುವುದನ್ನೇ ನಾನೂ ಮಾಡಿದೆ. ಅಲ್ಲಲ್ಲಿ ಚುಕ್ಕಿ ಇಟ್ಟೆ. 'ಕಾಯಿಸಿ' ಎಂಬುದನ್ನು 'ಕಾಯಿಸಿದಳು' ಎಂದು, 'ಮಾಡಿ' ಎಂಬುದನ್ನು 'ಮಾಡಿದೆವು' ಎಂದು ತಿದ್ದುತ್ತಾ ಹೋದೆ. 'ತಂಗಿ ಕೈ ಬಿಟ್ಟು' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಬಿಟ್ಟಳು ಎಂದು ಬರೆಯಲೋ, ಬಿಟ್ಟೆ ಎಂದು ಬರೆಯಲೋ? ತಂಗಿ ಅಕ್ಕನ ಕೈ ಬಿಟ್ಟಳೋ, ಅಕ್ಕ ತಂಗಿಯ ಕೈ ಬಿಟ್ಟಳೋ? ಅದಕ್ಕೆ ಉತ್ತರ ಹಾಳೆಯ ಮೇಲೆ ಇರಲಿಲ್ಲ. ಬರೆದವಳಿಗೆ ಮಾತ್ರ ಗೊತ್ತಿತ್ತು.

ಮಕ್ಕಳ ವಾಕ್ಯ ದಾರಿ ತಪ್ಪುವುದು ಮುಖ್ಯವಾಗಿ ಎರಡು ಕಡೆ. ನಿಲ್ಲಬೇಕಾದಲ್ಲಿ ನಿಲ್ಲದೆ ಓಡುವುದು ಒಂದು. ಮುಗಿಯುವ ಮೊದಲೇ ಚುಕ್ಕಿ ಬೀಳುವುದು ಇನ್ನೊಂದು. ಇಂಗ್ಲಿಷ್ ಪಾಠದಲ್ಲಿ ಇವೆರಡಕ್ಕೂ ಸಿದ್ಧವಾದ ಅಳತೆಗೋಲಿದೆ. ವಾಕ್ಯಕ್ಕೊಂದು ಕರ್ತೃಪದ ಇರಬೇಕು, ಒಂದು ಕ್ರಿಯಾಪದ ಇರಬೇಕು. ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಅಂಟಿಸಬಾರದು. ಆ ಕೋಲನ್ನೇ ತಂದು ಕನ್ನಡಕ್ಕೆ ಹಿಡಿದರೆ ಲೆಕ್ಕ ತಪ್ಪುತ್ತದೆ. 'ಬಂದೆ' ಎನ್ನುವುದು ಕನ್ನಡದಲ್ಲಿ ಇಡೀ ವಾಕ್ಯ. 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ, ಕೊನೆಯ ಎಕಾರವೇ ಹೇಳುತ್ತದೆ. 'ಇದು ನಮ್ಮ ಮನೆ' ಎಂಬಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದರಲ್ಲಿ ಏನೂ ಕೊರತೆಯಿಲ್ಲ. ಅದಕ್ಕೆ ಬಾಲ ಅಂಟಿಸಿ 'ಇದು ನಮ್ಮ ಮನೆಯಾಗಿದೆ' ಎಂದು ತಿದ್ದುವವರಿದ್ದಾರೆ. ಮಗು ಸರಿಯಾಗಿ ಬರೆದದ್ದನ್ನು ಕೆಡಿಸುವ ತಿದ್ದುಪಡಿ ಅದು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕದ ಹೆಸರಿನಲ್ಲೇ ತಮ್ಮ ವಾದವನ್ನು ಇಟ್ಟರು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವುದನ್ನು ಅವರು ಒಪ್ಪಲಿಲ್ಲ. ಇವತ್ತಿನ ತರಗತಿಯಲ್ಲಿ ಆ ಮಾತನ್ನು ಇಂಗ್ಲಿಷಿನ ಅಚ್ಚಿಗೂ ಹೇಳಬೇಕಾಗಿದೆ.

ಹಾಗಾದರೆ ಹುಡುಗಿಯ ವಾಕ್ಯದಲ್ಲಿ ತಪ್ಪಿದ್ದೆಲ್ಲಿ? ತೀರಾ ಉದ್ದವಾಯಿತು ಎನ್ನುವುದು ಎಲ್ಲರ ಬಾಯಿಗೂ ಮೊದಲು ಬರುವ ಉತ್ತರ. 'ಚಿಕ್ಕ ಚಿಕ್ಕ ವಾಕ್ಯ ಬರೀರಪ್ಪಾ' ಎಂದು ನಾನೂ ವರ್ಷಗಟ್ಟಲೆ ಹೇಳಿದವನೇ. ಹಾಗೆ ಹೇಳಿದ ಮಾರನೇ ವಾರ ಬಂದ ಪುಸ್ತಕಗಳಲ್ಲಿ ಇದ್ದದ್ದು ಇದು: "ನಾನು ಎದ್ದೆ. ನಾನು ಹಲ್ಲುಜ್ಜಿದೆ. ನಾನು ತಿಂಡಿ ತಿಂದೆ. ನಾನು ಶಾಲೆಗೆ ಹೋದೆ." ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದರೆ ಕನ್ನಡ ಬಲ್ಲ ಯಾರೂ ಹೀಗೆ ಮಾತಾಡುವುದಿಲ್ಲ. 'ಎದ್ದು ಹಲ್ಲುಜ್ಜಿ ತಿಂಡಿ ತಿಂದು ಶಾಲೆಗೆ ಹೋದೆ' ಎನ್ನುತ್ತೇವೆ. ನಾಲ್ಕು ಕೆಲಸ, ಕೊನೆಯಲ್ಲಿ ಒಂದು 'ಹೋದೆ'. ಹೂವಿನ ಮಾಲೆಯ ಗಂಟು ಕೊನೆಗೊಂದೇ ಇದ್ದ ಹಾಗೆ. ಎದ್ದು, ಉಜ್ಜಿ, ತಿಂದು ಎಂಬ ಈ ರೂಪಗಳನ್ನು ನಮ್ಮ ಶಾಲಾ ವ್ಯಾಕರಣ ಕೃದಂತಾವ್ಯಯ ಎಂದು ಕರೆಯುತ್ತದೆ. ಹೆಸರು ಭಾರವಾಗಿ ಕೇಳಿಸುತ್ತದೆ, ಆದರೆ ಮೂರು ವರ್ಷದ ಕೂಸೂ ತಡವರಿಸದೆ ಬಳಸುವ ವಸ್ತು ಇದು. ವಾಕ್ಯ ಉದ್ದವಾಗುವುದು ಕನ್ನಡದಲ್ಲಿ ದೋಷವಲ್ಲ. ಹತ್ತನೇ ಶತಮಾನದ ಗದ್ಯವೆಂದು ಹೇಳುವ 'ವಡ್ಡಾರಾಧನೆ'ಯಲ್ಲಿ ಇಂಥ ರೂಪಗಳ ಮೇಲೆ ಕಾಲಿಡುತ್ತಾ ಅರ್ಧ ಪುಟ ಸಾಗುವ ವಾಕ್ಯಗಳಿವೆ. ಓದುಗನಿಗೆ ಉಸಿರು ಕಟ್ಟುವುದಿಲ್ಲ.

ತಪ್ಪು ಇರುವುದು ಬೇರೆ ಕಡೆ. 'ಎದ್ದು ಹಲ್ಲುಜ್ಜಿ ತಿಂಡಿ ತಿಂದು ಹೋದೆ' ಎಂಬಲ್ಲಿ ಎದ್ದವರು, ಉಜ್ಜಿದವರು, ತಿಂದವರು, ಹೋದವರು ಎಲ್ಲ ಒಬ್ಬರೇ. ಜಾತ್ರೆಯ ವಾಕ್ಯದಲ್ಲಿ ಹಾಗಿಲ್ಲ. ಎಣಿಸಿ ನೋಡಿ: ಅಜ್ಜಿ, ನಾವೆಲ್ಲ, ಅಮ್ಮ, ನಾನು, ಜನ, ತಂಗಿ, ಅಪ್ಪ. ಏಳು ಕರ್ತೃಗಳು ಒಂದೇ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. 'ಮಾಡಿ', 'ಬಂದು' ಎಂಬ ರೂಪಗಳಿಗೆ ಯಾರು ಎಂದು ಹೇಳುವ ಬಾಯಿಲ್ಲ. ಅವು ಮುಂದೆ ಬರುವ ಪೂರ್ಣ ಕ್ರಿಯಾಪದದ ಕರ್ತೃವನ್ನೇ ತಮ್ಮದೆಂದು ಸಾಲ ಪಡೆಯುತ್ತವೆ. ಸಂಸ್ಕೃತದ ಇಂಥದೇ ರೂಪಕ್ಕೆ ಪಾಣಿನಿ ಹಾಕಿದ ಕಟ್ಟಳೆಯೂ ಇದೇ: ಎರಡೂ ಕ್ರಿಯೆಗಳ ಕರ್ತೃ ಒಬ್ಬನೇ ಆಗಿರಬೇಕು. ಕರ್ತೃ ಬೇರೆಯಾದಾಗ ಬಳಸಲು ಹಳಗನ್ನಡದಲ್ಲಿ ಬೇರೊಂದು ರೂಪವೇ ಇತ್ತು. 'ಆತಂ ಬರೆ' ಎಂದರೆ ಆತ ಬರಲು, ಆತ ಬಂದಾಗ ಎಂದರ್ಥ. ಅಲ್ಲಿ ಕೇಳುವವನ ಕಿವಿ ನಿಮಿರುತ್ತಿತ್ತು. ಮುಂದಿನ ಕೆಲಸ ಇನ್ನೊಬ್ಬರದು ಎಂದು ಮೊದಲೇ ಗೊತ್ತಾಗುತ್ತಿತ್ತು. ಆ 'ಎ' ಹೋಯಿತು. ಅದರ ಜಾಗದಲ್ಲಿ ಇವತ್ತು ಬಂದಾಗ, ಬಂದ ಮೇಲೆ, ಬರುತ್ತಿದ್ದಂತೆ, ಬಂದದ್ದರಿಂದ ಎಂಬ ರೂಪಗಳು ದುಡಿಯುತ್ತಿವೆ. 'ಅಪ್ಪ ಬಂದು ನಾನು ಊಟ ಮಾಡಿದೆ' ಎಂದು ಯಾವ ಮಗುವೂ ಮನೆಯಲ್ಲಿ ಹೇಳುವುದಿಲ್ಲ. 'ಅಪ್ಪ ಬಂದ್ಮೇಲೆ ಊಟ ಮಾಡ್ದೆ' ಎಂದೇ ಹೇಳುತ್ತದೆ.

ಇದಕ್ಕೆ ಹೊರತಾದ ಮಾತುಗಳಿವೆ. ಅವನ್ನು ಗಮನಿಸದೆ ನಿಯಮ ಹಿಡಿದು ಹೊರಟರೆ ಒಳ್ಳೆಯ ಕನ್ನಡವನ್ನೂ ತಿದ್ದಿಬಿಡುತ್ತೇವೆ. 'ಮಳೆ ಬಂದು ಕೆರೆ ತುಂಬಿತು.' 'ಹಾಲು ಉಕ್ಕಿ ಒಲೆ ಆರಿತು.' ಇಲ್ಲಿ ಕರ್ತೃ ಎರಡಿದ್ದರೂ ವಾಕ್ಯ ಗಟ್ಟಿಯಾಗಿದೆ. ಮೊದಲನೆಯದು ತಾನಾಗಿ ಎರಡನೆಯದನ್ನು ಆಗಿಸಿದೆ. ನಡುವೆ ಯಾರ ಇಚ್ಛೆಯೂ ಬಂದಿಲ್ಲ. 'ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು' ಎನ್ನುತ್ತೇವೆ, ಅದೂ ಸರಿಯೇ. ಕಾರ್ಯಕಾರಣ ಇದ್ದಲ್ಲಿ, ಕಾಲದ ಲೆಕ್ಕ ಇದ್ದಲ್ಲಿ ಕನ್ನಡ ಸಡಿಲ ಬಿಡುತ್ತದೆ. ಒಬ್ಬರು ಬೇಕೆಂದು ಮಾಡಿದ ಕೆಲಸದಿಂದ ಇನ್ನೊಬ್ಬರು ಬೇಕೆಂದು ಮಾಡಿದ ಕೆಲಸಕ್ಕೆ ದಾಟುವಾಗ ಮಾತ್ರ ಸೇತುವೆ ಕೇಳುತ್ತದೆ. ನನ್ನ ಮಟ್ಟಿಗೆ ಇಡೀ ವಾಕ್ಯಪಾಠದಲ್ಲಿ ಮಕ್ಕಳಿಗೆ ಕೊಡಬೇಕಾದ ಒಂದೇ ಒಂದು ಸಂಗತಿ ಇದು. ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಮೂರು ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಾಯಲ್ಲಿ ಸರಿಯಾಗಿ ಆಡುವ ಮಗು ಕಾಗದದ ಮೇಲೆ ಹೀಗೇಕೆ ಬರೆಯುತ್ತದೆ? ಮನಸ್ಸು ತೇರಿನ ಹತ್ತಿರ ಇರುತ್ತದೆ, ಕೈ ಇನ್ನೂ ನೀರು ಕಾಯಿಸುವಲ್ಲೇ ಇರುತ್ತದೆ. ಓಡುವ ಮನಸ್ಸನ್ನು ಹಿಡಿಯಲು 'ಮಾಡಿ', 'ಹೋಗಿ', 'ಬಂದು' ಎಂಬ ರೂಪಗಳು ಬಹಳ ಅನುಕೂಲ. ಅವುಗಳಲ್ಲಿ ಯಾರು ಎಂದು ಹೇಳಬೇಕಾಗಿಲ್ಲ, ಒಬ್ಬರೋ ಹಲವರೋ ಎಂದು ಹೇಳಬೇಕಾಗಿಲ್ಲ. 'ಬಿಟ್ಟೆ', 'ಬಿಟ್ಟಳು' ಎಂದು ಬರೆಯಬೇಕಾದರೆ ಒಂದು ಕ್ಷಣ ನಿಂತು ತೀರ್ಮಾನ ಮಾಡಬೇಕು. ಮಾತಿನಲ್ಲಿ ಆ ತೀರ್ಮಾನವನ್ನು ದನಿ, ಕಣ್ಣು, ಕೈಸನ್ನೆ ಎಲ್ಲ ಸೇರಿ ಹಂಚಿಕೊಳ್ಳುತ್ತವೆ. ಬರಹದಲ್ಲಿ ಅಷ್ಟನ್ನೂ ಕ್ರಿಯಾಪದ ಒಂದೇ ಹೊರಬೇಕು.

ಚುಕ್ಕಿಯನ್ನು ಬೈಯುವ ಮೊದಲು ಅದರ ವಯಸ್ಸನ್ನೂ ನೆನೆಯಬೇಕು. ತಾಳೆಗರಿಯಲ್ಲಿ ಬರೆದವರು ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದೆರಡು ಗೀಟು ಇದ್ದರೆ ಅದೇ ಹೆಚ್ಚು. ಅಲ್ಪವಿರಾಮ, ಪೂರ್ಣವಿರಾಮಗಳು ನಮ್ಮ ಬರಹದಲ್ಲಿ ನೆಲೆ ನಿಂತದ್ದು 19ನೇ ಶತಮಾನದಲ್ಲಿ, ಅಚ್ಚಿನ ಜೊತೆಗೆ. ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರತಂದದ್ದು 1843ರಲ್ಲಿ. ಸಾವಿರ ವರ್ಷ ದಾಟಿದ ಬರಹದಲ್ಲಿ ಈ ಚಿಹ್ನೆಗಳು ನಿನ್ನೆ ಮೊನ್ನೆ ಬಂದ ನೆಂಟರು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಾಗಿ ಹಂಚಿದ. ವಾಕ್ಯ ಎಂಬ ಹೆಸರಿನ ಪ್ರಕರಣ ಅದರಲ್ಲಿಲ್ಲ. ಚುಕ್ಕಿಯಿಲ್ಲದ ಕಾಲದಲ್ಲೂ ಓದುಗರಿಗೆ ವಾಕ್ಯ ಎಲ್ಲಿ ಮುಗಿಯಿತು ಎಂದು ತಿಳಿಯುತ್ತಿತ್ತು, ಏಕೆಂದರೆ ಕನ್ನಡದಲ್ಲಿ ಪೂರ್ಣ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಅದೇ ನಮ್ಮ ಹಳೆಯ ಪೂರ್ಣವಿರಾಮ. ಚುಕ್ಕಿ ಅದರ ಹಿಂದೆ ಹೋಗಿ ನಿಂತುಕೊಳ್ಳುತ್ತದೆ ಅಷ್ಟೇ. ಚುಕ್ಕಿ ಇಡು, ಚುಕ್ಕಿ ಇಡು ಎಂದು ಮಕ್ಕಳಿಗೆ ಹೇಳುವುದು ಬುಡ ಬಿಟ್ಟು ತುದಿಗೆ ನೀರೆರೆದಂತೆ. ಕ್ರಿಯಾಪದವನ್ನು ಮುಗಿಸಲು ಕಲಿಸಿದರೆ ಚುಕ್ಕಿ ತಾನಾಗಿ ಬರುತ್ತದೆ.

'ಮತ್ತು' ಎಂಬ ಪದದ ಬಗ್ಗೆ ಒಂದು ಮಾತು. ಇಂಗ್ಲಿಷ್ ಮಾಧ್ಯಮದ ಮಕ್ಕಳ ಕನ್ನಡದಲ್ಲಿ ವಾಕ್ಯಗಳನ್ನು ಬೆಸೆಯುವ ಕೆಲಸವನ್ನು ಅದೊಂದೇ ಹೊತ್ತಿರುತ್ತದೆ: "ನಾನು ಮೈಸೂರಿಗೆ ಹೋದೆ ಮತ್ತು ಅರಮನೆ ನೋಡಿದೆ ಮತ್ತು ಐಸ್‌ಕ್ರೀಮ್ ತಿಂದೆ." ರಾಗಿ ಮತ್ತು ಜೋಳ ಎಂದು ನಾಮಪದಗಳನ್ನು ಜೋಡಿಸಲು ಅದು ಒಪ್ಪುತ್ತದೆ. ಕೆಲಸಗಳನ್ನು ಜೋಡಿಸಲು ಹೋಗಿ, ನೋಡಿ, ತಿಂದು ಇವೆ. ಈ ಮಕ್ಕಳಿಗೆ ಬೇಕಾದದ್ದು ಕತ್ತರಿಯಲ್ಲ, ಸೂಜಿ ದಾರ. ಒಂದೇ ತರಗತಿಯಲ್ಲಿ ಒಬ್ಬನಿಗೆ ಬಿಡಿಸಲು ಕಲಿಸಬೇಕು, ಪಕ್ಕದಲ್ಲಿ ಕೂತವನಿಗೆ ಹೊಲಿಯಲು ಕಲಿಸಬೇಕು. ಎಲ್ಲರಿಗೂ ಒಂದೇ ಮದ್ದು ಅರೆಯುವುದು ಆಗದ ಮಾತು.

ಇನ್ನು ಮುಗಿಯದ ವಾಕ್ಯ. 'ಕೆರೆಗಳು ಏಕೆ ಬತ್ತುತ್ತಿವೆ?' ಎಂಬ ಪ್ರಶ್ನೆಗೆ ಉತ್ತರ ಹೀಗಿರುತ್ತದೆ: "ಏಕೆಂದರೆ ಹೂಳು ತುಂಬಿರುವುದರಿಂದ." ಪ್ರತಿ ಹತ್ತು ಉತ್ತರಪತ್ರಿಕೆ ತೆರೆದರೂ ನನಗೆ ಇದರ ಒಂದಾದರೂ ಮಾದರಿ ಸಿಗುತ್ತಿತ್ತು. 'ಏಕೆಂದರೆ' ಎಂದು ಶುರುಮಾಡಿದರೆ ವಾಕ್ಯ 'ಹೂಳು ತುಂಬಿದೆ' ಎಂದು ಮುಗಿಯಬೇಕು. 'ತುಂಬಿರುವುದರಿಂದ' ಎಂದರೆ ಮುಂದೆ ಏನಾಯಿತು ಎಂದು ಹೇಳಬೇಕು. ಮಗು ಎರಡು ಬಾಗಿಲು ತೆರೆದು ಒಂದರಿಂದಲೂ ಒಳಗೆ ಹೋಗಲಿಲ್ಲ. ಆದರೂ ಇದು ಎಲ್ಲಿಂದ ಬಂತು ಎಂದು ಯೋಚಿಸಿದರೆ ಮಗುವಿನ ಮೇಲೆ ಸಿಟ್ಟು ಬರುವುದಿಲ್ಲ. ತರಗತಿಯಲ್ಲಿ ನಾನು ಕೇಳುತ್ತೇನೆ: 'ಕೆರೆ ಯಾಕೋ ಬತ್ತೋಯ್ತು?' ಹುಡುಗ ಎದ್ದು ನಿಂತು ಹೇಳುತ್ತಾನೆ: 'ಹೂಳು ತುಂಬಿರೋದ್ರಿಂದ ಸಾರ್.' ಅದು ತುಂಬು ಉತ್ತರ. ಉಳಿದರ್ಧವನ್ನು ನನ್ನ ಪ್ರಶ್ನೆಯೇ ಕೊಟ್ಟಿದೆ. ಬರೆಯುವಾಗಲೂ ಅವನಿಗೆ ನಾನು ಎದುರಿಗೆ ನಿಂತಿದ್ದೇನೆ ಎನಿಸುತ್ತದೆ. ಓದುವವರು ಬೇರೆ ಊರಿನಲ್ಲಿ, ಬೇರೆ ದಿನ, ಪ್ರಶ್ನೆ ಪಕ್ಕದಲ್ಲಿಲ್ಲದೆಯೂ ಓದಬಹುದು ಎಂಬುದು ಅವನಿಗೆ ಇನ್ನೂ ಕಾಣಿಸಿಲ್ಲ. ಕಾಣಿಸಬೇಕಾದವರು ನಾವು.

ಮುಗಿಯದ ವಾಕ್ಯ ಏಕೆ ಮುಗಿದಿಲ್ಲ ಎಂದು ಹೇಳಲು ನಮ್ಮ ಮೀಮಾಂಸಕರು, ನೈಯಾಯಿಕರು ಬಹಳ ಹಿಂದೆಯೇ ಒಳ್ಳೆಯ ಹೆಸರು ಕೊಟ್ಟಿದ್ದಾರೆ. ಪದಗಳ ಗುಂಪು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕು ಎಂದರು. 'ತರ್ಕಸಂಗ್ರಹ'ದಂಥ ಪುಟ್ಟ ಪಾಠದಲ್ಲೂ ಇದು ಉದಾಹರಣೆ ಸಮೇತ ಬರುತ್ತದೆ. 'ಹಸು, ಕುದುರೆ, ಮನುಷ್ಯ, ಆನೆ' ಎಂದರೆ ಒಂದು ಪದಕ್ಕೆ ಇನ್ನೊಂದು ಬೇಕಾಗಿಲ್ಲ; ಆಕಾಂಕ್ಷೆ ಇಲ್ಲ. 'ಬೆಂಕಿಯಿಂದ ನೆನೆಸು' ಎಂದರೆ ಅರ್ಥ ಕೂಡುವುದಿಲ್ಲ, ಯೋಗ್ಯತೆ ಇಲ್ಲ. ಒಂದು ಪದ ಈಗ, ಇನ್ನೊಂದು ಒಂದು ಜಾವ ಬಿಟ್ಟು ಹೇಳಿದರೆ ಸನ್ನಿಧಿ ಇಲ್ಲ. ಇವುಗಳಲ್ಲಿ ಆಕಾಂಕ್ಷೆ ಎಂಬ ಪದ ನನಗೆ ತುಂಬಾ ಇಷ್ಟ. ಪದಕ್ಕೂ ಹಸಿವಿರುತ್ತದೆ ಎಂದು ಅದರ ಅರ್ಥ. 'ತುಂಬಿರುವುದರಿಂದ' ಎಂದು ಬರೆದು ಚುಕ್ಕಿ ಇಟ್ಟರೆ ಆ ಪದವನ್ನು ಹಸಿದಂತೆಯೇ ಬಿಟ್ಟು ಎದ್ದುಹೋದ ಹಾಗೆ. 'ಇದು ನಮ್ಮ ಮನೆ' ಎಂಬಲ್ಲಿ ಯಾವ ಪದಕ್ಕೂ ಹಸಿವಿಲ್ಲ, ಆದ್ದರಿಂದ ಅದು ತುಂಬು ವಾಕ್ಯ. ಕ್ರಿಯಾಪದ ಇದೆಯೋ ಇಲ್ಲವೋ ಎಂದು ಹುಡುಕುವುದಕ್ಕಿಂತ ಇದು ಕನ್ನಡಕ್ಕೆ ಹೆಚ್ಚು ಒಗ್ಗುವ ಅಳತೆ. ಆಕಾಂಕ್ಷೆ ಎಂಬ ಪದವನ್ನು ಬಳಸದೆ 'ಆಮೇಲೆ?' ಎಂದು ಕೇಳಿದರೂ ಸಾಕು. ಮಗು ಬರೆದದ್ದನ್ನು ಓದಿ ನಿಲ್ಲಿಸಿದಾಗ 'ಆಮೇಲೆ?' ಎಂಬ ಮಾತು ಬಾಯಿಗೆ ಬಂದರೆ ವಾಕ್ಯ ಮುಗಿದಿಲ್ಲ.

ಅರೆವಾಕ್ಯಕ್ಕೆ ಇನ್ನೊಂದು ತವರು ಪರೀಕ್ಷೆಯ ಗೈಡು. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ನಡುವೆ ಅಂಶಗಳು. "ಕಾರಣಗಳು: ಕಾಡುಗಳ ನಾಶ. ಕಾರ್ಖಾನೆಗಳ ಹೊಗೆ. ಹೆಚ್ಚಾದ ವಾಹನಗಳು." ಇದನ್ನು ಬಾಯಿಪಾಠ ಮಾಡಿದ ಮಗು ಹಾಗೇ ಇಳಿಸುತ್ತದೆ, ಅಂಶಕ್ಕೊಂದು ಅಂಕ ಬೀಳುತ್ತದೆ. ಕಾಡು ನಾಶವಾದರೆ ಗಾಳಿ ಹೇಗೆ ಕೆಡುತ್ತದೆ ಎಂದು ಹೇಳುವ ಕ್ರಿಯಾಪದವನ್ನು ಯಾರೂ ಅದರಿಂದ ಕೇಳುವುದಿಲ್ಲ. ದೊಡ್ಡವರ ಕಾಗದಪತ್ರಗಳಲ್ಲೂ ಮಕ್ಕಳಿಗೆ ಒಳ್ಳೆಯ ಮಾದರಿ ಸಿಗುವುದು ಕಡಿಮೆ. 'ಸಂಬಂಧಿಸಿದಂತೆ', 'ಪರಿಶೀಲಿಸಲಾಗಿ', 'ಸೂಚಿಸಿರುವ ಹಿನ್ನೆಲೆಯಲ್ಲಿ' ಎಂದು ಪುಟದುದ್ದ ಹರಿಯುವ ಸುತ್ತೋಲೆಯಲ್ಲಿ ಕೆಲಸ ಮಾಡಬೇಕಾದವರು ಯಾರು ಎಂದು ಕೊನೆಯವರೆಗೂ ತಿಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಚುಕ್ಕಿಯ ಬದಲು ಕಳಿಸುವ ಗುಂಡಿ ಒತ್ತುತ್ತೇವೆ. ಅದು ಅಲ್ಲಿಗೆ ಸರಿ.

ತಿದ್ದುವುದು ಹೇಗೆ? 40 ಪುಸ್ತಕಗಳಿದ್ದು ಒಂದೊಂದಕ್ಕೆ ಐದು ನಿಮಿಷ ಕೊಟ್ಟರೂ 200 ನಿಮಿಷ, ಮೂರು ಗಂಟೆಗೂ ಮೀರಿದ ಕೆಲಸ. ಅಷ್ಟು ಹೊತ್ತು ಕೂತು ಕೆಂಪು ಮಾಡಿದ ಪುಟವನ್ನು ಮಗು ಒಮ್ಮೆ ನೋಡಿ ಮುಚ್ಚಿಡುತ್ತದೆ. ಆ ವಾಕ್ಯಗಳನ್ನು ಮುಗಿಸಿದವನು ನಾನು, ಅದಲ್ಲ. ಹಾಗಾಗಿ ಕೆಲವು ವರ್ಷಗಳ ನಂತರ ದಾರಿ ಬದಲಿಸಿದೆ. ಒಂದು ಪುಸ್ತಕದಲ್ಲಿ ಒಂದೇ ವಾಕ್ಯಕ್ಕೆ ಪೆನ್ಸಿಲ್‌ನಿಂದ ಅಡಿಗೆರೆ ಹಾಕುವುದು, ತಿದ್ದದೆ ಬಿಡುವುದು. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಸುವುದು. ಬರೆದವರ ಕೈಲಿ ಓದಿಸಬಾರದು. ಅವರು ಕಾಗದದ ಮೇಲಿನದನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿ ಇರುವುದನ್ನೇ ಓದುತ್ತಾರೆ. ಪಕ್ಕದವರು ಓದಬೇಕು. ಪ್ರತಿ ಕ್ರಿಯೆ ಬಂದಾಗ ಉಳಿದ ಮಕ್ಕಳು 'ಯಾರು?' ಎಂದು ಕೇಳಬೇಕು. ಎದ್ದದ್ದು ಯಾರು, ಕಾಯಿಸಿದ್ದು ಯಾರು? ಬರೆದ ಮಗು ಉತ್ತರ ಕೊಡುತ್ತದೆ. ಉತ್ತರ ಬದಲಾದಲ್ಲಿ ಓದು ನಿಲ್ಲುತ್ತದೆ. ಅಲ್ಲಿ ಚುಕ್ಕಿ ಬೇಕೋ, 'ಮೇಲೆ' ಬೇಕೋ, 'ಆಗ' ಬೇಕೋ, ಹಾಗೇ ಇದ್ದರೆ ಸಾಕೋ ಎಂದು ಬರೆದವರೇ ಆರಿಸಬೇಕು. ಒಂದು ಪೀರಿಯಡ್‌ನಲ್ಲಿ ಮೂರೋ ನಾಲ್ಕೋ ವಾಕ್ಯ ಆಗುತ್ತಿತ್ತು, ಹೆಚ್ಚಿಲ್ಲ. ಆದರೆ ದೀಪಾವಳಿ ರಜೆ ಮುಗಿಸಿ ಬರುವ ಹೊತ್ತಿಗೆ ಮಕ್ಕಳು ಬರೆಯುವಾಗಲೇ ತುಟಿ ಅಲ್ಲಾಡಿಸುವುದು ಕಾಣುತ್ತಿತ್ತು. ಆ ಪ್ರಶ್ನೆಯನ್ನು ಈಗ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು.

ಈ ದಾರಿ ನನಗೆ ತೋರಿದ್ದು ಜಾತ್ರೆಯ ಹುಡುಗಿಯಿಂದ. ಅವತ್ತು ಪೆನ್ನು ನಿಂತ ಮೇಲೆ ಅವಳನ್ನು ಸ್ಟಾಫ್ ರೂಮಿನ ಬಾಗಿಲಿಗೆ ಕರೆದೆ. ಪುಸ್ತಕ ತೋರಿಸಿ ಕೇಳಿದೆ: 'ಕೈ ಬಿಟ್ಟಿದ್ದು ಯಾರಮ್ಮ?' ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: 'ನಾನೇ ಸಾರ್. ಬಲೂನು ನೋಡ್ತಾ ಇದ್ದೆ.' ಮರೆಯಲಾಗದ ದಿನ ಯಾಕೆ ಮರೆಯಲಾಗದ್ದು ಎಂದು ಆಗ ನನಗೆ ತಿಳಿಯಿತು. ಆ ಉದ್ದದ ವಾಕ್ಯದ ಮಧ್ಯದಲ್ಲಿ ಒಂದು 'ಬಿಟ್ಟು' ಅಷ್ಟು ದೊಡ್ಡ ವಿಷಯವನ್ನು ಮುಚ್ಚಿಟ್ಟುಕೊಂಡಿತ್ತು. ಬರೆಯಲು ಇಷ್ಟವಿದ್ದರೆ ಹಾಗೇ ಬರಿ, ಇಲ್ಲದಿದ್ದರೆ ಬೇಡ ಎಂದೆ. ಎರಡು ದಿನ ಬಿಟ್ಟು ಪುಸ್ತಕ ತಂದಳು.

"ಜಾತ್ರೆ ದಿನ ಅಜ್ಜಿ ಬೇಗ ಎದ್ದು ನೀರು ಕಾಯಿಸಿದಳು. ನಾವೆಲ್ಲ ಸ್ನಾನ ಮಾಡುವಾಗ ಅಮ್ಮ ಒಬ್ಬಟ್ಟು ಮಾಡುತ್ತಿದ್ದಳು. ನಾನು ತಂಗಿಗೆ ಜಡೆ ಹಾಕಿ ತೇರು ನೋಡಲು ಕರೆದುಕೊಂಡು ಹೋದೆ. ತುಂಬಾ ಜನ ಬಂದು ನೂಕುನುಗ್ಗಲಾಯಿತು. ನಾನು ತಂಗಿಯ ಕೈ ಬಿಟ್ಟೆ. ಅಳುತ್ತಾ ಎಲ್ಲ ಕಡೆ ಹುಡುಕಿದೆ. ಅವಳು ಬಳೆ ಅಂಗಡಿ ಹತ್ತಿರ ನಿಂತಿದ್ದಳು. ಅಪ್ಪ ಬೈದರು. ಮನೆಗೆ ಬಂದ ಮೇಲೆ ನಾವು ಒಬ್ಬಟ್ಟು ತಿಂದೆವು. ಅಪ್ಪನ ತಟ್ಟೆಯಲ್ಲಿ ಹಾಗೇ ಉಳಿದ ಒಬ್ಬಟ್ಟು."

'ಜನ ಬಂದು ನೂಕುನುಗ್ಗಲಾಯಿತು' ಎಂಬುದನ್ನು ಅವಳು ಒಡೆದಿರಲಿಲ್ಲ. ಒಡೆಯಬೇಕಾಗಿರಲೂ ಇಲ್ಲ. ಮಳೆ ಬಂದು ಕೆರೆ ತುಂಬಿದ ಹಾಗೆ ಅದು ತಾನಾಗಿ ಆದದ್ದು ಎಂದು ಅವಳ ಕಿವಿಗೆ ಗೊತ್ತಿತ್ತು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: 'ಇದಕ್ಕೆ ಕ್ರಿಯಾಪದ ಬೇಡವೇನಮ್ಮ?'

'ಅದಕ್ಕೆ ಯಾರೂ ಏನೂ ಮಾಡ್ಲಿಲ್ಲ ಸಾರ್,' ಎಂದಳು. 'ಹಾಗೇ ಇತ್ತು.'

ಕೆಳಗೆ ತಾರೀಖು ಹಾಕಿ ಸಹಿ ಮಾಡಿ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.